ಪಿಸ್ತೂಲಿನ ಅರ್ಜಿಗೊಂದು ಸೀಲು

ಜನ ಯಾಕೆ ಪಿಸ್ತೂಲಿನ ಲೈಸೆನ್ಸು ಮಾಡಿಸಿಕೊಳ್ಳುವುದಿಲ್ಲ ಎಂಬ ವಿಷಯದಲ್ಲಿ ಆಂಥೋನಿ ಎರಡು ತಿಂಗಳಿಂದ ದೊಡ್ಡ ಪಂಡಿತನಾಗಿದ್ದ. ಶುಕ್ರವಾರದ ಬಲಿಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ಯಾರು ಕೈಗೆ ಸಿಕ್ಕಿದರೂ ಅವರಿಗೆ ಅದೇ ಪಾಠ.

“ನಮ್ಮವರಿಗೆ ಪೊಲೀಸ್ ಸ್ಟೇಷನ್ ಅಂದ್ರೆ ಹೆದರಿಕೆ ಮಾರಾಯ್ರೆ. ಡಿ.ಸಿ. ಆಫೀಸಿಗೆ ನಾಲ್ಕು ಸಲ ಹೋಗ್ಲಿಕ್ಕೆ ಉದಾಸೀನ. ಎಲೆಕ್ಷನ್ ಬಂದಾಗ ಪಿಸ್ತೂಲು ಠಾಣೆಯಲ್ಲಿ ಇಟ್ಟು ಬರ್ಲಿಕ್ಕೆ ನಾಚಿಕೆ. ಕಳ್ಳ ಬಂದು ಹೋದ ಮೇಲೆ ಬೊಬ್ಬೆ ಹಾಕುದು, ಅಷ್ಟೇ!”

ಕೇಳಿದವರು ನಗುತ್ತಿದ್ದರು. ಪಕ್ಕದಲ್ಲಿ ನಿಂತ ಅವನ ಹೆಂಡತಿ ಕಾರ್ಮೆಲ್ ಕೂಡ ನಗಬೇಕಾಗುತ್ತಿತ್ತು. ಆ ನಗುವಿನಿಂದ ಅವಳ ದವಡೆ ನೋಯುತ್ತಿತ್ತು.

ಕುವೈತಿನ ಸುಲೈಬಿಯಾದ ಗೋದಾಮಿನಲ್ಲಿ ಇಪ್ಪತ್ತಾರು ವರ್ಷ ಸ್ಟೋರ್ ಕೀಪರ್ ಆಗಿದ್ದ ಆಂಥೋನಿಗೆ ವೀಸಾ ಕೊಟ್ಟಿದ್ದ ಅರಬ್ಬಿ ಕಫೀಲ್ ಏಪ್ರಿಲಿನಲ್ಲಿ ಕೆಲಸ ಖಲಾಸ್ ಅಂದುಬಿಟ್ಟಿದ್ದ. ಗೋದಾಮು ಮುಚ್ಚಿತು. ಜೂನ್ ಕೊನೆಗೆ ವಾಸದ ಪರವಾನಗಿ ಇಕಾಮಾ ಮುಗಿಯುತ್ತಿತ್ತು, ಅಷ್ಟರೊಳಗೆ ಅವನು ಊರಿಗೆ ಹೊರಡಬೇಕು. ಮಗಳು ಅಲಿಶಾಗೆ ಹನ್ನೆರಡನೆಯ ಕ್ಲಾಸು ಮುಗಿಯುವ ತನಕ ಕಾರ್ಮೆಲ್ ರಿಗ್ಗೈಯ ಕ್ಲಿನಿಕ್ಕಿನ ಕೆಲಸದಲ್ಲೇ ಇರುವುದು, ತಮ್ಮೂರು ಶಿರ್ವದಲ್ಲಿ ಕಟ್ಟಿಸಿದ ಹೊಸ ಮನೆಯಲ್ಲಿ ಅವನೊಬ್ಬನೇ ಒಂದು ವರ್ಷ ಕಳೆಯುವುದು ಎಂದು ತೀರ್ಮಾನವಾಗಿತ್ತು. ಆ ಊರಲ್ಲಿ ಗಲ್ಫಿನವರ ಮನೆಯೊಂದಕ್ಕೆ ಕಳ್ಳರು ನುಗ್ಗಿದ್ದೂ ನಿಜ. ಅದೇ ನೆಪ ಸಿಕ್ಕಿತು. ಏಜೆಂಟನೊಬ್ಬ ವಾಟ್ಸಾಪಿನಲ್ಲಿ ಫಾರಂ ಕಳಿಸಿದ. ಜೊತೆಗೆ ದೇಹವೂ ಮನಸ್ಸೂ ಸ್ವಸ್ಥವಾಗಿವೆ ಎಂದು ಡಾಕ್ಟರ ಸರ್ಟಿಫಿಕೇಟು ಬೇಕು, ಕುವೈತಿನದೇ ಆದರೂ ಸದ್ಯಕ್ಕೆ ನಡೆಯುತ್ತದೆ, ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದಿದ್ದ.

ಡಾಕ್ಟರಿಗೇನು ಬರಗಾಲ? ಕಾರ್ಮೆಲ್ ಕೆಲಸ ಮಾಡುವ ಕ್ಲಿನಿಕ್ಕಿನಲ್ಲೇ ಡಾಕ್ಟರ್ ಗ್ಲೆನ್ ಇದ್ದರು. ಮಂಗಳೂರಿನವರು, ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳ ತಟ್ಟೆ ಅತ್ತಿಂದಿತ್ತ ಓಡಾಡುವಷ್ಟು ಬಳಕೆ. ನಮ್ಮವರಲ್ಲಿ ಇದೊಂದು ಪದ್ಧತಿ. ಡಾಕ್ಟರು ನಮ್ಮವರಾದರೆ ಅವರ ಸಹಿಯೂ ನಮ್ಮದೇ. ರಜೆಗೆ ಸಿಕ್ ಲೀವು, ಶಾಲೆಗೆ ಜ್ವರದ ಚೀಟಿ, ಊರಿನ ವಿಮೆಗೆ ಒಂದು ಕಾಗದ. ಪರೀಕ್ಷೆ ಮಾಡಿ ಅನ್ನುವವನು ಅಹಂಕಾರಿ, ಕೇಳದೆ ಬರೆದುಕೊಡುವವನು ದೇವರಂಥ ಮನುಷ್ಯ. ಗ್ಲೆನ್ ದೇವರಂಥ ಮನುಷ್ಯರೇ ಆಗಿದ್ದರು.

ಶನಿವಾರ ಬೆಳಿಗ್ಗೆ ಅವರು ಕಾರ್ಮೆಲಳ ಮೇಜಿಗೆ ಬಂದು ಸಹಿ ಹಾಕಿದ ಕಾಗದ ಇಟ್ಟರು.

“ಆಂಥೋನಿಯವರದ್ದು. ನಿನ್ನೆ ಚರ್ಚಿನಲ್ಲಿ ಕೊಟ್ಟಿದ್ರು. ಕಾರ್ಮೆಲಕ್ಕ, ಒಂದು ಸೀಲ್ ಹಾಕಿ ನೀವೇ ತಕ್ಕೊಂಡು ಹೋಗಿ.”

“ನೋಡಿದ್ರಾ ಡಾಕ್ಟ್ರೇ?”

“ಎಂತ ನೋಡ್ಲಿಕ್ಕೆ ಉಂಟು? ಅವ್ರು ನನಗಿಂತ ಗಟ್ಟಿ ಇದ್ದಾರೆ!”

ರೆಕಾರ್ಡ್ ವಿಭಾಗದ ಸೀಲು ಕಾರ್ಮೆಲಳ ಡ್ರಾಯರಿನಲ್ಲಿರುತ್ತಿತ್ತು. ದಿನಕ್ಕೆ ಐವತ್ತು ಸಲ ಒತ್ತುವ ಕೈ. ಏಳನೆಯ ಕಾಲಮ್ಮಿನಲ್ಲಿ ‘ಖಿನ್ನತೆ, ಆತ್ಮಹತ್ಯೆಯ ಯತ್ನ ಇತ್ಯಾದಿ’ ಎಂಬುದರ ಎದುರು ಗ್ಲೆನ್ ದುಂಡಗೆ ‘ಇಲ್ಲ’ ಎಂದು ಬರೆದಿದ್ದರು. ಕಾರ್ಮೆಲ್ ಸೀಲು ತೆಗೆದಳು, ಮತ್ತೆ ಒಳಗಿಟ್ಟಳು.

ಆ ‘ಇಲ್ಲ’ ಗ್ಲೆನ್ ಅವರ ಕೈಬರಹವಾದರೂ ಅವರ ಮಾತಲ್ಲ. ಅದನ್ನು ಬರೆಸಿದವಳು ಅವಳೇ. ಕೊರೋನಾದ ವರ್ಷ, ಊರಿಗೂ ಹೋಗಲಾರದೆ, ಅರ್ಧ ಸಂಬಳದಲ್ಲಿ ನಾಲ್ಕು ಗೋಡೆಯೊಳಗೆ ಕೂತು ಕೂತು ಆಂಥೋನಿ ಒಂದು ಮಧ್ಯಾಹ್ನ ಸಾಯಲು ಹೊರಟಿದ್ದ. ಅವಳು ಡ್ಯೂಟಿಯಿಂದ ಒಂದು ಗಂಟೆ ಬೇಗ ಬಂದದ್ದರಿಂದ ಉಳಿದ. ನಿಜ ಹೇಳಿದರೆ ಪೊಲೀಸ್ ಕೇಸು, ಇಕಾಮಾ ರದ್ದು, ಮೇಲಾಗಿ ಇಡೀ ಇಗರ್ಜಿಯ ಬಾಯಿಗೆ ಎಲೆಯಡಿಕೆ. ಆಸ್ಪತ್ರೆಯಲ್ಲಿ ಅವಳು ತಪ್ಪಿ ಬೇರೆ ಮಾತ್ರೆ ನುಂಗಿದ್ದಾನೆ ಎಂದಳು. ಮಿಕ್ಕವರಿಗೆಲ್ಲ ಫುಡ್ ಪಾಯ್ಸನ್. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದಳು, ಎಲ್ಲರೂ ನಂಬಿದರು. ಗಂಡನನ್ನು ಅವಳು ಒಂದು ಮಾತೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಹೀಗೆ ಐದು ವರ್ಷ ಕಳೆಯಿತು, ಮನೆಯಲ್ಲಿ ಅದರ ಹೆಸರಿಲ್ಲ.

ಆ ಸುಳ್ಳೇ ಈಗ ಅವನ ಕೈಗೆ ಪಿಸ್ತೂಲು ಕೊಡಲು ಹೊರಟಿತ್ತು. ಬೀಗ ಹಾಕಿದ ಮನೆ, ಅದರೊಳಗೆ ಅವನೊಬ್ಬ. ಈ ಸಲ ಯಾರು ಬೇಗ ಬರಬೇಕು? ಕಾರ್ಮೆಲ್ ಮಧ್ಯಾಹ್ನದ ಊಟದ ಡಬ್ಬಿಯನ್ನು ತೆರೆಯದೆ ಹಾಗೇ ಮುಚ್ಚಿಟ್ಟಳು.

ಮೂರು ಗಂಟೆಗೆ ಅವಳು ಗ್ಲೆನ್ ಅವರ ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು. ನಿಂತೇ ಹೇಳಿದಳು, ಕೂತರೆ ಅಳು ಬರುತ್ತದೆ ಎಂದು ಗೊತ್ತಿತ್ತು. ಗ್ಲೆನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅವತ್ತು ನಾನೇ ಫೋನ್ ಮಾಡಿ ಶವರ್ಮಾ ತಿನ್ಬೇಡಿ ಅಂತ ತಮಾಷೆ ಮಾಡಿದ್ದೆ,” ಎಂದರು. “ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?”

“ಹೇಳಿದ್ರೆ ನೀವು ಎಂತ ಮಾಡ್ತಿದ್ರಿ? ಮರುದಿನ ಹತ್ತು ಜನ ಸಮಾಧಾನ ಹೇಳ್ಲಿಕ್ಕೆ ಬರ್ತಿದ್ರು.”

ಗ್ಲೆನ್ ಕಾಗದ ತೆಗೆದುಕೊಂಡು ಎರಡಾಗಿ, ನಾಲ್ಕಾಗಿ ಹರಿದರು. ಸಂಜೆ ಆಂಥೋನಿಯವರನ್ನು ಇಲ್ಲಿಗೆ ಕರೆದುಕೊಂಡು ಬನ್ನಿ, ನಾನೇ ಮಾತಾಡುತ್ತೇನೆ ಎಂದರು. ಕಾರ್ಮೆಲ್ ಬೇಡವೆಂದು ತಲೆಯಾಡಿಸಿದಳು. ಮೊದಲು ತಾನೇ ಹೇಳಬೇಕು, ಬೇರೆಯವರಿಂದ ಕೇಳಿದರೆ ಅವನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದಳು.

ಮನೆಗೆ ಬರುವಾಗ ಅಲಿಶಾ ಟ್ಯೂಷನ್ನಿಗೆ ಹೋಗಿದ್ದಳು. ಆಂಥೋನಿ ಹಾಲ್‌ನಲ್ಲಿ ಕಾರ್ಗೋ ಪೆಟ್ಟಿಗೆಗೆ ಟೇಪ್ ಸುತ್ತುತ್ತಿದ್ದ. ಹೊರಗೆ ನಲವತ್ತೇಳು ಡಿಗ್ರಿ, ಎ.ಸಿ. ಒಂದೇ ಸಮನೆ ಗೊರಗೊರ ಅನ್ನುತ್ತಿತ್ತು.

“ಸೀಲ್ ಆಯ್ತಾ?”

“ಇಲ್ಲ. ಗ್ಲೆನ್ ಹರಿದು ಹಾಕಿದ್ರು. ನಾನೇ ಹೇಳಿದೆ ಅವರಿಗೆ.”

“ಎಂತ ಹೇಳಿದ್ದು?”

“ಕೊರೋನಾದಲ್ಲಿ ನೀನು ಮಾಡಿಕೊಂಡದ್ದು.”

ಆಂಥೋನಿಯ ಕೈಯಲ್ಲಿ ಟೇಪು ಹಾಗೇ ನಿಂತಿತು. ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಇಳಿಯಿತು.

“ನನ್ನ ಮರ್ಯಾದೆ ತೆಗೆದಿಯಲ್ಲ! ಇಪ್ಪತ್ತಾರು ವರ್ಷ ಈ ಊರಲ್ಲಿ ತಲೆ ಎತ್ತಿ ನಡೆದಿದ್ದೇನೆ. ಹೊರಡುವ ಹೊತ್ತಿಗೆ ಹುಚ್ಚ ಅಂತ ಹೆಸರು ಕೊಟ್ಟೆ.”

“ಕೊಟ್ಟೆ. ನೀನು ಜೀವಂತ ಇದ್ದು ನನ್ನನ್ನು ಬೈತಾ ಇರು, ನಂಗೆ ಅಷ್ಟೇ ಸಾಕು.”

ಅವನು ಪೆಟ್ಟಿಗೆಯನ್ನು ಕಾಲಿನಿಂದ ಒದ್ದ. ಒಳಗೆ ಗಾಜಿನ ಲೋಟಗಳು ಸದ್ದು ಮಾಡಿದವು. ಆಮೇಲೆ ಅದೇ ಪೆಟ್ಟಿಗೆಯ ಮೇಲೆ ಕುಳಿತ.

“ತಪ್ಪಿ ಬೇರೆ ಮಾತ್ರೆ ನುಂಗಿದೆ ಅಂತ ನೀನು ನಿಜವಾಗಿ ನಂಬಿದ್ದೀ ಅಂತ ಗ್ರಹಿಸಿದ್ದೆ ನಾನು,” ಎಂದ, ನೆಲ ನೋಡುತ್ತಾ. “ಪಾಪ, ಇವಳಿಗೆ ಗೊತ್ತಿಲ್ಲ, ಗೊತ್ತಾಗುದು ಬೇಡ ಅಂತ ಐದು ವರ್ಷ ನಗಾಡಿಕೊಂಡು ಇದ್ದೆ.”

ಕಾರ್ಮೆಲ್ ಇವನನ್ನು ಕಾಪಾಡುತ್ತಿದ್ದೇನೆ ಎಂದು ಇಷ್ಟು ವರ್ಷ ಬಾಯಿ ಮುಚ್ಚಿದ್ದಳು. ಅವನೂ ಅವಳನ್ನು ಕಾಪಾಡುತ್ತಿದ್ದೇನೆ ಎಂದು ಮುಚ್ಚಿದ್ದ. ಇಬ್ಬರೂ ಸೇರಿ ಎಂಥ ಮೂರ್ಖ ಕೆಲಸ ಮಾಡಿದೆವು ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

“ಕಳ್ಳರ ಹೆದರಿಕೆಯಾ ನಿಂಗೆ?” ಎಂದು ಕೇಳಿದಳು.

“ಕಳ್ಳರು ಬಂದು ಎಂತ ತಕ್ಕೊಂಡು ಹೋಗ್ತಾರೆ? ಆ ಮನೆಯಲ್ಲಿ ಒಬ್ಬನೇ ಇರುದು ನೆನೆಸಿದ್ರೆ ಕೈಕಾಲು ಬೀಳ್ತದೆ ಕಾರ್ಮೆಲ್. ಮೂರು ಬೆಡ್‌ರೂಮು ಕಟ್ಟಿಸಿದ್ದು ಯಾಕೆ ಅಂತಲೇ ಗೊತ್ತಿಲ್ಲ.”

ಅವಳು ನೆಲದ ಮೇಲೆ, ಅವನ ಕಾಲ ಬಳಿ ಕುಳಿತಳು. ಐದು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇದ್ದ ಪ್ರಶ್ನೆ. ಉತ್ತರ ಬಂದರೆ ಏನು ಮಾಡುವುದು ಎಂದು ಹೆದರಿ ನುಂಗಿಕೊಂಡೇ ಬಂದಿದ್ದಳು.

“ಆಂಥೋನಿ, ಸಾಯ್ಬೇಕು ಅಂತ ಈಗಲೂ ಅನ್ನಿಸ್ತದಾ?”

ಇಲ್ಲ ಅನ್ನುತ್ತಾನೆ ಎಂದು ಅವಳು ಕಾದಳು. ಅವನು ಅಂಗೈಯಿಂದ ಮುಖ ಒರೆಸಿಕೊಂಡ.

“ಹೌದು,” ಎಂದ. “ಬೆಳಿಗ್ಗೆ ಎದ್ದ ಕೂಡಲೇ. ದಿನಾ.”

ಕಾರ್ಮೆಲ್ ಅವನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಳು. ಹೊರಡುವ ದಿನಕ್ಕೆ ಇನ್ನು ಹದಿನೇಳು ದಿನ ಉಳಿದಿತ್ತು.

“ಎಲ್ಲ ಹೇಳು,” ಎಂದಳು. “ನಾನು ಇವತ್ತು ಎಲ್ಲಿಗೂ ಏಳುದಿಲ್ಲ.”