ಹಿಕ್ಕೆ ಹಾಕಿದ ಬಳ್ಳಿ

ಮುನಿಲಕ್ಷ್ಮಮ್ಮ ಸೊಸೆಯ ಮನೆಗೆ ಮೊದಲ ಸಲ ಬಂದಾಗ ಕೈಯಲ್ಲಿ ಹಣ್ಣಿರಲಿಲ್ಲ, ಹೂವಿರಲಿಲ್ಲ. ಮಂಜಪ್ಪೈ ಎನ್ನುವ ಹಳದಿ ಬಟ್ಟೆಯ ಚೀಲದ ತುಂಬ ಕುರಿ ಹಿಕ್ಕೆ ಇತ್ತು. ನಗಬೇಡಿ. ಪಾಲಮಲೆಯ ಕೆಳಗಿನ ಒಣನೆಲದಲ್ಲಿ, ಗೊಬ್ಬರವಾದೀತು, ನಮ್ಮ ಹೊಲದಲ್ಲಿ ಒಂದೆರಡು ದಿನ ಮಂದೆ ನಿಲ್ಲಿಸಿ ಎಂದು ಹೊಲದವರೇ ಬಂದು ಕುರಿಯವರನ್ನು ಕೇಳಿಕೊಳ್ಳುತ್ತಾರೆ. ಅಂಥ ವಸ್ತುವನ್ನು ಆಕೆ ಮಗ ಸೊಸೆಯಿದ್ದ ಓಮಲೂರಿನವರೆಗೂ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದಳು.

ಮಗ ಗೋವಿಂದರಾಜ್ ಎರಡು ವರ್ಷದ ಹಿಂದೆ ಸೇಲಂ ಪೇಟೆಯ ಬೇರೆ ಜಾತಿಯ ಹುಡುಗಿ ಕೃಪಾಳನ್ನು ಮದುವೆಯಾಗಿದ್ದ. ಎರಡೂ ಮನೆಯವರು ಮುಖ ತಿರುಗಿಸಿದ್ದರು. ಮೊದಲು ಕರಗಿದವಳು ಮುನಿಲಕ್ಷ್ಮಮ್ಮ. ಈ ಹುಡುಗಿ ತನ್ನನ್ನು ಒಂದು ಸಲ ಬಾಯ್ತುಂಬ ಅತ್ತೆ ಎಂದರೆ ಸಾಕು ಎಂಬ ಆಸೆಯಿಂದ ಬಂದಿದ್ದಳು. ಕೃಪಾ ಒಳ್ಳೆಯವಳೇ, ಆದರೆ 'ನೀವು, ತಾವು' ಎಂದು ದೂರವೇ ಇದ್ದಳು.

ನಡುಮನೆಯ ಕಿಟಕಿಯಲ್ಲಿ ಒಂದು ಕುಂಡ, ಅದರಿಂದ ಸರಳು ಹಿಡಿದು ಹತ್ತಿದ ಬಳ್ಳಿ. ವರ್ಷವಿಡೀ ಹಸಿರಾಗಿರುವ ದಪ್ಪ ಎಲೆ, ಮೇಣದಲ್ಲಿ ಮಾಡಿದಂಥ ಹೂ ಬಿಡುವ ಜಾತಿ. ಕೃಪಾ ದಿನಾ ಎಲೆ ಒರೆಸುವಳು, ಮಣ್ಣಿಗೆ ಬೆರಳಿಟ್ಟು ನೋಡುವಳು, ಪೂರ್ತಿ ಒಣಗಿದ್ದರಷ್ಟೇ ಅರ್ಧ ಲೋಟ ನೀರು. ಮೊದಲ ಸಲ ಮೊಗ್ಗು ಕಟ್ಟಿತ್ತು. ಪಾಪ, ಇಷ್ಟು ನೀರಿಗೆ ಅದು ಹೇಗೆ ಬದುಕೀತು ಎಂದು ಮುನಿಲಕ್ಷ್ಮಮ್ಮ ಮರುಗಿದಳು. ಇನ್ನು ಬಳ್ಳಿಯನ್ನು ತಾನೇ ನೋಡಿಕೊಳ್ಳುವೆನೆಂದಳು, ಕೃಪಾಗೆ ಬೇಡವೆನ್ನಲಾಗಲಿಲ್ಲ. ಗಂಡ ಹೆಂಡಿರು ಕೆಲಸಕ್ಕೆ ಹೋದ ಮೇಲೆ ಕುಂಡಕ್ಕೆ ಎರಡು ಹಿಡಿ ಹಸಿ ಹಿಕ್ಕೆ ತುಂಬಿ, ಅಂದಿನಿಂದ ಹಗಲಿಗೆರಡು ಚೊಂಬು ನೀರು ಹೊಯ್ದಳು.

ಒಂಬತ್ತನೆಯ ದಿನಕ್ಕೆ ಮೊಗ್ಗು ಉದುರಿ, ಎಲೆ ಹಳದಿಯಾಗಿ, ಬಳ್ಳಿ ಬುಡದಿಂದ ತುದಿಯವರೆಗೆ ಮೆತ್ತಗೆ ಕೊಳೆತಿತ್ತು.

ಕೃಪಾ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತು ಅತ್ತಳು. ಬೈದಿದ್ದರೆ ವಾಸಿಯಿತ್ತು. ಮಗ ಹೊರಗೆ ಕರೆದು ಹೇಳಿದ: ಮನೆ ಬಿಟ್ಟು ಬಂದ ದಿನ ಕೃಪಾ ತನ್ನ ಅಮ್ಮನ ಕಿಟಕಿಯ ಬಳ್ಳಿಯಿಂದ ಕಿತ್ತು ತಂದದ್ದು ಆ ಒಂದು ಕಡ್ಡಿ ಮಾತ್ರ. ಅಮ್ಮ ವೆಂಕೂಬಾಯಿ ಅಂದಿನಿಂದ ಮಗಳ ಫೋನು ಎತ್ತಿಲ್ಲ. ತವರಿನದೆಂದು ಅವಳಿಗಿದ್ದದ್ದು ಅದೊಂದೇ.

ಮುನಿಲಕ್ಷ್ಮಮ್ಮ ಕುರಿ ಕಾಯುವವಳು. ಅವಳ ಕಡೆ ಒಂದು ಕಟ್ಟಳೆ: ಕುರಿ ಯಾರದಾದರೂ ಪೈರು ಮೇದರೆ, ಅವರು ಜಗಳಕ್ಕೆ ಬರುವವರೆಗೆ ಕಾಯಬಾರದು, ತಾನೇ ಅವರ ಬಾಗಿಲಿಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕು. ಈ ಬಳ್ಳಿಯ ಬೇರು ಯಾರ ಬಾಗಿಲಲ್ಲಿತ್ತು ಎಂಬುದು ಈಗ ಗೊತ್ತಾಗಿತ್ತು. ಮಗನ ಬಾಯಿಂದ ಬೀದಿಯ ಗುರುತು ಹೊರಡಿಸಿ, ಮರುದಿನ ಇಬ್ಬರೂ ಕೆಲಸಕ್ಕೆ ಹೋದದ್ದೇ ತಡ, ಸತ್ತ ಬಳ್ಳಿಯನ್ನು ಕುಂಡದ ಸಮೇತ ಅದೇ ಚೀಲಕ್ಕಿಳಿಸಿ ಸೇಲಂ ಬಸ್ಸು ಹತ್ತಿದಳು.

ಶೆವ್ವಾಪೇಟೆಯ ಆ ಮನೆಯ ಬಾಗಿಲು ತೆರೆದವಳು ವೆಂಕೂಬಾಯಿಯೇ. ಮುನಿಲಕ್ಷ್ಮಮ್ಮ ಮೆಟ್ಟಿಲ ಕೆಳಗೇ ನಿಂತು ತಾನು ಯಾರೆಂದು ಹೇಳಿದಳು. ಎದುರಿನ ಮುಖ ಬಿಗಿಯಾಯಿತು. ಬಾಗಿಲು ಮುಚ್ಚುವ ಮೊದಲೇ ಕುಂಡ ತೆಗೆದು ಮೆಟ್ಟಿಲ ಮೇಲಿಟ್ಟಳು.

"ನಿಮ್ ಮಗಳು ಕಣ್ಣಾಗಿಟ್ಟು ಸಾಕಿದ್ ಬಳ್ಳಿ ಇದು. ಕುರಿ ಇಕ್ಕೆ ಆಕಿ ನಾನೇ ಸಾಯಿಸ್ಬುಟ್ಟೆ. ತಪ್ಪು ನಂದು. ಅವಳ್ ಮ್ಯಾಲೆ ಕೋಪ ಇದ್ರೆ ಇರ್ಲಿ, ನಂಗೊಂದು ಕಡ್ಡಿ ಕೊಡಿ."

ವೆಂಕೂಬಾಯಿ ಬಗ್ಗಿ ಕುಂಡದ ಕೊಳೆತ ಎಲೆಯನ್ನು ಮುಟ್ಟಿ ನೋಡಿದಳು. ತನ್ನ ಕಿಟಕಿಯ ಬಳ್ಳಿಯಲ್ಲಿ ಕಡಿದ ಗಾಯ ಕಂಡು, ಮಗಳು ಹೋಗುವಾಗಲೂ ಹಾಳು ಮಾಡಿ ಹೋದಳಲ್ಲ ಎಂದು ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದವಳು ಅವಳು.

"ಇದನ್ನ ಇಟ್ಕೊಂಡಿದ್ಲಾ?" ಎಂದಳು.

"ಮೊಗ್ಗು ಬಂದಿತ್ತು ತಾಯಿ."

ವೆಂಕೂಬಾಯಿ ಒಳಗೆ ಹೋದಳು. ಇನ್ನು ಬಾಗಿಲು ಹಾಕುವುದೇ ಸೈ ಎಂದು ಮುನಿಲಕ್ಷ್ಮಮ್ಮ ಕುಂಡ ಎತ್ತಿಕೊಂಡಳು. ಅಷ್ಟರಲ್ಲಿ ವೆಂಕೂಬಾಯಿ ಒದ್ದೆ ಬಟ್ಟೆ ಸುತ್ತಿದ ಮೂರು ಕಡ್ಡಿ ಹಿಡಿದು ಹೊರಬಂದಳು. ಕಾಲಲ್ಲಿ ಚಪ್ಪಲಿ ಇತ್ತು.

"ನಿಮ್ಮ ಕೈಗೆ ಕೊಟ್ರೆ ಮತ್ತೆ ಹಿಕ್ಕೆ ಹಾಕ್ತೀರಿ. ನಡೀರಿ, ನಾನೇ ಬಂದು ನೆಡ್ತೀನಿ."

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಓಮಲೂರು ಹತ್ತಿರ ಬಂದಾಗ ವೆಂಕೂಬಾಯಿ ಎರಡು ವರ್ಷದಿಂದ ಬಾಯಿಗೆ ತರದ ಹೆಸರನ್ನು ಮೆಲ್ಲಗೆ ಅಂದಳು.

"ಕೃಪಾ ಎಷ್ಟೊತ್ತಿಗೆ ಬರ್ತಾಳೆ?"