ಹಿಂದಿನ ರಟ್ಟು

"ಚಾಚಾ, ಇದರಾಗ ಏನೂ ಇಲ್ರಿ," ಎನ್ನುತ್ತ ಹುಡುಗಿ ಪುಸ್ತಕವನ್ನು ತಲೆಕೆಳಗು ಹಿಡಿದು ಪಟಪಟ ಜಾಡಿಸಿದಳು.

ಜಹಾಂಗೀರನ ಎದೆ ಚುರುಕ್ ಎಂದಿತು. ಅವಳ ಮಾತಿಗಲ್ಲ, ಜಾಡಿಸಿದ್ದಕ್ಕೆ. ಹಾಗೆ ಎರಡು ರಟ್ಟು ಹಿಡಿದು ಒದರಿದರೆ ಎಂಥ ಗಟ್ಟಿ ಹೊಲಿಗೆಯೂ ಸಡಿಲಾಗುತ್ತದೆ. ಮೊನ್ನೆ ಗುರುವಾರವಷ್ಟೇ ಕೂತು ಹೊಲಿದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ಇನ್ನೂ ಅಂಟಿನ ವಾಸನೆ ಹೋಗಿಲ್ಲ.

"ಅದಾವವ್ವಾ, ಹುಡುಕು," ಎಂದು ಅವನು ನಕ್ಕ.

"ಒಂದೊಂದು ಹಾಳಿ ತಿರುವಿ ನೋಡೇವ್ರಿ!"

"ಅದಾವ," ಎಂದು ಮತ್ತೊಮ್ಮೆ ನಕ್ಕ. ಹುಡುಗಿ ಗೆಳತಿಯ ಮುಖ ನೋಡಿದಳು. ಇಬ್ಬರೂ ಸ್ಕೂಟಿ ಹತ್ತಿ ಹೋದರು.

ಸದಾಶಿವನಗರದ ಓದುಗರ ಬಳಗದವರು ಆ ರವಿವಾರ ಊರೆಲ್ಲ ಇಪ್ಪತ್ತು ಪುಸ್ತಕ ಬಚ್ಚಿಟ್ಟಿದ್ದರು. ಕೋಟೆ ಗೋಡೆಯ ಸಂದಿ, ಬಸ್ ನಿಲ್ದಾಣದ ಕಲ್ಲುಬೆಂಚು, ಕೆರೆದಂಡೆಯ ಮರದ ಪೊಟರೆ, ಎಲ್ಲೆಂದರಲ್ಲಿ. ಸಿಕ್ಕವರಿಗೆ ಪುಸ್ತಕ. ಅದರಲ್ಲೂ ಕೆಂಪು ಬೆನ್ನಿನ ಐದು ಪುಸ್ತಕಗಳಲ್ಲಿ ಅದೇ ಸಂಜೆ ಐದಕ್ಕೆ ನಡೆಯುವ ಹಿಂದೂಸ್ತಾನಿ ಸಂಗೀತ ಕಚೇರಿಯ ಎರಡೆರಡು ಟಿಕೀಟು. ಹಾಡುವವರು ದೊಡ್ಡ ಪಂಡಿತರು. ಟಿಕೀಟುಗಳೆಲ್ಲ ತಿಂಗಳ ಹಿಂದೆಯೇ ಮುಗಿದಿದ್ದವು. ಹಾಗಾಗಿ ಬೆಳಗಿನ ಏಳರಿಂದಲೇ ಬೆಳಗಾವಿ ಮಂದಿ ಕಳೆದ ಎಮ್ಮೆ ಹುಡುಕುವವರಂತೆ ಸಂದಿಗೊಂದಿ ಇಣುಕುತ್ತಿದ್ದರು.

ಇಪ್ಪತ್ತೂ ಹಳೆಯ ಪುಸ್ತಕಗಳು. ಹರಿದು ಚಿಂದಿಯಾಗಿದ್ದ ಅವುಗಳಿಗೆ ರವಿವಾರ ಪೇಟೆಯ ಜಹಾಂಗೀರನೇ ಹೊಸ ಬೈಂಡಿಂಗ್ ಮಾಡಿದ್ದ. ಬಳಗದ ಮುಖ್ಯಸ್ಥ ಓಂಕಾರ, ರಾಮತೀರ್ಥ ನಗರದ ಕಾಲೇಜು ಮೇಷ್ಟ್ರು, ಟಿಕೀಟುಗಳ ಲಕೋಟೆಯನ್ನೂ ಅವನ ಕೈಗೇ ಕೊಟ್ಟು ಹೋಗಿದ್ದ. "ಚಾಚಾ, ಕೆಂಪು ಬುಕ್ಕಿನೊಳಗ ಎರಡೆರಡು ಇಡ್ರಿ. ಎದ್ದು ಕಾಣಬಾರ್ದು. ಯಾರು ಕೇಳಿದ್ರೂ ಬಾಯಿ ಬಿಡಬ್ಯಾಡ್ರಿ, ಆಟದ ಮಜಾನ ಹೋಗತದ."

ನಲವತ್ತು ವರ್ಷದ ಕಸುಬಿನಲ್ಲಿ ಎದ್ದು ಕಾಣದಂತೆ ಇಡುವುದೆಂದರೆ ಜಹಾಂಗೀರನಿಗೆ ಒಂದೇ ಜಾಗ ಗೊತ್ತು. ರಟ್ಟಿನ ಒಳಮೈಗೆ ಅಂಟಿಸುತ್ತಾರಲ್ಲ ದಪ್ಪ ಹಾಳೆ, ಅಸ್ತರ, ಅದರ ಅಡಿಗೆ. ಪೇಟೆಯ ಹಳೆಯ ವ್ಯಾಪಾರಿಗಳು ಲೆಕ್ಕದ ವಹಿ ಕಟ್ಟಿಸಲು ಬಂದಾಗ ಹಾಗೆಯೇ ಹೇಳುತ್ತಿದ್ದರು: ಇದನ್ನೊಂದಿಷ್ಟು ಒಳಗ ಇಡಪಾ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ವಾಟ್ನಿ ಕಾಗದ, ಮಗಳ ಜಾತಕ. ಒಬ್ಬ ಧಡೂತಿ ಸಾವಕಾರನಂತೂ ಯಾರೋ ಬರೆದ ಪ್ರೇಮಪತ್ರವನ್ನು ಕೊಟ್ಟು ಹೋಗಿದ್ದ. ಈ ಕೆಲಸ ಕಲಿಸಿದ ಉಸ್ತಾದರು, ಪುಸ್ತಕ ಕೈಗೆ ಬಂದರೆ ಮೊದಲು ಹಿಂದಿನ ರಟ್ಟು ಸವರು, ಆಮೇಲೆ ತೆರೆ, ಎನ್ನುತ್ತಿದ್ದರು. ಜಹಾಂಗೀರ ಇಂದಿಗೂ ಹಾಗೆಯೇ ಮಾಡುತ್ತಾನೆ. ಲೋಕದ ಮಂದಿಯೆಲ್ಲ ಹಾಗೆಯೇ ಮಾಡುತ್ತಾರೆಂದು ಅವನು ನಂಬಿದ್ದ, ಪಾಪ.

ಪ್ರತಿ ಪುಸ್ತಕದ ಕೊನೆಗೆ ಅವನದೊಂದು ಸಣ್ಣ ಶಿಕ್ಕಾ ಒತ್ತಿರುತ್ತದೆ: ಜಹಾಂಗೀರ, ಬೈಂಡರ, ರವಿವಾರ ಪೇಟೆ. ಟಿಕೀಟು ಸಿಗದವರು ಆ ಶಿಕ್ಕಾ ಹಿಡಿದುಕೊಂಡೇ ಅಂಗಡಿಗೆ ಬರತೊಡಗಿದರು. ಹುಡುಗಿಯರ ಬೆನ್ನಿಗೆ ಬ್ಯಾಂಕಿನವರಂತೆ ಕಾಣುವ ಇಬ್ಬರು ಬಂದರು. ಅವರಿಗೂ ಅದೇ ನಗು, ಅದೇ ಮಾತು. "ಏನ್ರೀ, ಚೇಷ್ಟಾ ಮಾಡಾಕತ್ತೀರೇನು?" ಎಂದು ಒಬ್ಬ ದನಿ ಏರಿಸಿದ. ಜಹಾಂಗೀರನಿಗೆ ಗಲಿಬಿಲಿಯಾಯಿತು. ಆಟವೆಂದರೆ ಹುಡುಕುವುದಲ್ಲವೇ? ಹುಡುಕುವುದು ಬಿಟ್ಟು ಇವರೇಕೆ ಸಿಟ್ಟಿಗೇಳುತ್ತಾರೆ?

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಂದ ಹೆಂಗಸು ಮಾತ್ರ ಪುಸ್ತಕ ಜಾಡಿಸಲಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಬಂದಿದ್ದಳು. ಐವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ಕೈಯಲ್ಲೊಂದು ಅರಿವೆ ಚೀಲ.

"ನಾ ಗಂಗಾದೇವಿ ಅಂತ್ರಿ. ಖಾನಾಪುರದಾಗ ಅಂಗನವಾಡಿ ಟೀಚರ್ ಅದೀನಿ," ಎಂದಳು. "ಮುಂಜಾನೆ ಮೊದಲನೇ ಬಸ್ಸಿಗೆ ಬಂದೆ. ಕೆರಿ ದಂಡಿಮ್ಯಾಲ ಇದು ಸಿಕ್ತು."

"ಕುಂದರ್ರಿ ಅಕ್ಕಾ. ನೀರು ಕುಡೀರಿ."

ಅವಳು ಸ್ಟೂಲಿನ ಮೇಲೆ ಕೂತಳು. "ನಮ್ಮ ಮನೆಯವರಿಗೆ ಈ ಪಂಡಿತರ ಹಾಡಿಕಿ ಅಂದ್ರ ಜೀವರಿ. ಮೂವತ್ತು ವರ್ಷ ಆತು, ಬರೇ ರೇಡಿಯೋದಾಗ ಕೇಳ್ಯಾರ. ಒಮ್ಮೆ ಎದುರಿಗೆ ಕುಂತು ಕೇಳಬೇಕಂತ ಆಶಾ. ಪುಸ್ತಕ ಸಿಕ್ಕ ಕೂಡ್ಲೆ ಫೋನ್ ಹಚ್ಚಿ, ಅಂಗಿಗೆ ಇಸ್ತ್ರಿ ಹೊಡದು ತಯಾರಾಗ್ರಿ ಅಂದುಬಿಟ್ಟೆ. ನೋಡಿದ್ರ ಒಳಗ ಟಿಕೀಟ ಇಲ್ಲ."

ಪುಸ್ತಕವನ್ನು ಸೆರಗಿನಿಂದ ತೆಗೆದು ಬಿಚ್ಚಿ ಹಿಡಿದಿದ್ದ ಅವಳ ಬಲಗೈ ಹೆಬ್ಬೆರಳು ಹಿಂದಿನ ರಟ್ಟಿನ ಒಳಮೈ ಮೇಲೆಯೇ ಇತ್ತು. ಅದರ ಅಡಿಯಲ್ಲೇ ಟಿಕೀಟು. ಜಹಾಂಗೀರನಿಗೆ ಹೇಳಿಬಿಡಲೇ ಎನ್ನಿಸಿತು, ಕೊಟ್ಟ ಮಾತು ನೆನಪಾಯಿತು.

"ಅಕ್ಕಾ, ಇನ್ನೊಮ್ಮೆ ನೋಡ್ರಿ. ಬರೇ ಹಾಳಿ ಅಷ್ಟ ನೋಡಬ್ಯಾಡ್ರಿ," ಎಂದ. ಅಷ್ಟು ಹೇಳಿದ್ದಕ್ಕೇ ಅರ್ಧ ಮಾತು ತಪ್ಪಿದೆನೆಂದು ಅವನ ಕಿವಿ ಬಿಸಿಯಾದವು.

ಗಂಗಾದೇವಿ ಅದನ್ನು ಸಮಾಧಾನದ ಮಾತೆಂದುಕೊಂಡಳು. "ಖರೇ ಐತ್ರಿ. ಬರೇ ಹಾಳಿ ತಿರುವಿದ್ರೇನು, ಓದಿ ತಿಳಕೋಬೇಕು. ಇರ್ಲಿ ಬಿಡ್ರಿ, ಟಿಕೀಟು ನಮ್ಮ ಹಣ್ಯಾಗ ಬರದಿಲ್ಲ. ಬೈಂಡಿಂಗ ಮಾತ್ರ ಭಾಳ ಛಂದ ಮಾಡೀರಿ," ಎಂದು ಎದ್ದು ಬಸ್ ನಿಲ್ದಾಣದ ಕಡೆ ನಡೆದಳು.

ಅವಳ ಬೆನ್ನು ಮರೆಯಾಗುವ ಮುನ್ನ ಫೋನು ಬಂತು. ಬಳಗದ ಐಶ್ವರ್ಯಾ ಎನ್ನುವವಳು. "ಅಂಕಲ್, ನಾಕ್ ಮಂದಿ ಕಂಪ್ಲೇಂಟ್ ಮಾಡ್ಯಾರ. ಟಿಕೀಟ್ ಹಾಕೀರೋ ಇಲ್ಲೋ?"

"ಹಾಕೇನವ್ವಾ."

"ಎಲ್ಲಿ?"

"ಅದನ್ನ ಹೇಳಬಾರ್ದಂತ ಸರ್ ಹೇಳ್ಯಾರ."

ಆ ಕಡೆ ಅವಳು ಯಾರಿಗೋ ಏನೋ ಹೇಳಿದ್ದು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು. ಒಳಗೆ ಹಾಳೆ ಮಡಚುತ್ತಿದ್ದ ಹೆಂಡತಿ ಫಕ್ರುನ್ನಿಸಾ ತಲೆ ಎತ್ತಿದಳು. ಮನೆಯಲ್ಲಿ ಅವರಿಬ್ಬರದು ದಖ್ಖನಿ ಉರ್ದು. ಓಣಿಗೆಲ್ಲ ಕೇಳಲಿ ಎನ್ನುವಷ್ಟು ಸಿಟ್ಟು ಬಂದಾಗ ಮಾತ್ರ ಫಕ್ರುನ್ನಿಸಾ ಕನ್ನಡಕ್ಕೆ ಇಳಿಯುತ್ತಾಳೆ. "ಹೇಳಿಬಿಡ್ರಿ ಅಂದ್ರ ಹೇಳವಲ್ರಿ! ಏನರ ಘಾತ ಆಗತೈತಿ, ನೋಡ್ತಿರ್ರಿ," ಎಂದು ಕನ್ನಡದಲ್ಲೇ ಹೇಳಿದಳು.

"ಮಾತು ಕೊಟ್ಟೀನಿ ಮಾರಾಯ್ತಿ. ಓಂಕಾರ ಸರ್ ತಾವಾಗೇ ಬಂದು ಕೇಳ್ಲಿ, ಹೇಳ್ತೀನಿ."

ಎರಡೂವರೆಗೆ ಓಂಕಾರನೇ ಬಂದ. ಆದರೆ ಕೇಳಲಿಲ್ಲ. ಗಾಡಿ ನಿಲ್ಲಿಸಿ, ಅಂಗಡಿಯ ಮೆಟ್ಟಿಲ ಮೇಲೇ ನಿಂತು, ಜಹಾಂಗೀರನ ಹೆಗಲ ಮೇಲೆ ಕೈ ಇಟ್ಟ.

"ಚಾಚಾ, ಆದದ್ದು ಆಗಿಹೋತು. ನಾ ಏನೂ ಕೇಳಂಗಿಲ್ಲ. ಮನಿ ಅಂದಮ್ಯಾಲ ಅಡಚಣಿ ಇರ್ತಾವ, ನಂಗ ತಿಳೀತದ. ಆ ನಾಕೂ ಮಂದಿಗೆ ನಾ ಬಾಜೂಕ ಬ್ಯಾರೆ ಕುರ್ಚಿ ಹಾಕಿಸೀನಿ. ಸುದ್ದಿ ಅಲ್ಲಿಗೆ ಮುಗೀತು. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ."

ಜಹಾಂಗೀರನಿಗೆ ತಲೆಬುಡ ತಿಳಿಯಲಿಲ್ಲ. ಬೇರೆ ಕುರ್ಚಿ ಏಕೆ? ಅಡಚಣಿ ಯಾರಿಗೆ? "ಅಂದ್ರ... ಆಟ ಮುಗೀತೇನ್ರಿ ಸರ್?" ಎಂದು ಕೇಳಿದ.

ಓಂಕಾರ ಅವನನ್ನು ವಿಚಿತ್ರವಾಗಿ ನೋಡಿದ. "ಮುಗೀತ್ರಿ ಚಾಚಾ," ಎಂದು ಮೆಲ್ಲಗೆ ಹೇಳಿ, ಗಾಡಿ ಚಾಲೂ ಮಾಡಿ ಹೊರಟೇಬಿಟ್ಟ.

"ಏನಂದ್ನವ? ಕುರ್ಚಿ ಯಾಕಂತ?" ಜಹಾಂಗೀರ ಹೆಂಡತಿಯ ಕಡೆ ತಿರುಗಿದ.

ಫಕ್ರುನ್ನಿಸಾ ಮಡಚುತ್ತಿದ್ದ ಹಾಳೆ ಕೆಳಗೆ ಹಾಕಿದಳು. "ನಿಮ್ಮನ್ನ ಕಳ್ಳ ಅಂತ ತಿಳದು, ಮಾಫ್ ಮಾಡಿ ಹೋದ. ಅಷ್ಟೂ ಗೊತ್ತಾಗಲಿಲ್ಲೇನು ನಿಮಗ?"

ಜಹಾಂಗೀರ ತನ್ನ ಹೆಗಲು ಮುಟ್ಟಿ ನೋಡಿಕೊಂಡ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪೊಲೀಸರನ್ನು ಕರೆದಿದ್ದರೆ ಅವರೆದುರಿಗೇ ಪುಸ್ತಕ ಬಿಚ್ಚಿ ತೋರಿಸಬಹುದಿತ್ತು. ಹೆಗಲ ಮೇಲೆ ಕೈ ಇಟ್ಟು ಕ್ಷಮಿಸಿ ಹೋದವನಿಗೆ ಏನು ಮಾಡುವುದು? ನಲವತ್ತು ವರ್ಷ ಊರಿನ ಗುಟ್ಟನ್ನೆಲ್ಲ ರಟ್ಟಿನಡಿ ಇಟ್ಟು ಕೊಟ್ಟ ಕೈ ಇದು. ಒಂದು ಚೀಟಿಯೂ ಆಚೀಚೆ ಆಗಿರಲಿಲ್ಲ.

ಓಂಕಾರನಿಗೆ ಫೋನು ಹಚ್ಚಿದ. ಅವನು ಕಟ್ ಮಾಡಿದ. ಮತ್ತೆ ಹಚ್ಚಿದ, ಮತ್ತೆ ಕಟ್. ಬಳಿಕ ಒಂದು ಮೆಸೇಜು ಬಂತು: ಚಾಚಾ, ನಂಗ ಏನೂ ಬ್ಯಾಸರಿಲ್ಲ, ಪ್ರೋಗ್ರಾಂ ಗಡಿಬಿಡಿಯಾಗ ಅದೀನಿ. ಐಶ್ವರ್ಯಾಳ ಫೋನು ಸ್ವಿಚ್ ಆಫ್ ಆಗಿತ್ತು. ಟೈಪು ಮಾಡಲು ಬಾರದ ಜಹಾಂಗೀರ ವಾಟ್ಸ್ಆ್ಯಪಿನಲ್ಲಿ ಬಾಯಿಮಾತು ಕಳಿಸಿದ: "ಸರ್, ಹಿಂದಿನ ರಟ್ಟು ಸವರಿ ನೋಡ್ರಿ. ಅಸ್ತರದ ಕೆಳಗ ಅದಾವ. ನಾ ತಗೊಂಡಿಲ್ಲ." ನಾಲ್ಕು ಹೊಡೆದರೂ ಓಂಕಾರ ಅದನ್ನು ಕೇಳಿದ ಗುರುತು ಕಾಣಲಿಲ್ಲ.

ಕಚೇರಿಯ ಸಭಾಗೃಹಕ್ಕೇ ಹೋಗೋಣವೆಂದರೆ ಬಾಗಿಲಲ್ಲಿ ಟಿಕೀಟು ಕೇಳುತ್ತಾರೆ! ನಗಬೇಕೋ ಅಳಬೇಕೋ. ಕುರ್ಚಿ ಸಿಕ್ಕ ಆ ನಾಲ್ವರಿಗೆ ಇನ್ನು ಪುಸ್ತಕ ತಡಕುವ ದರ್ದೂ ಇಲ್ಲ. ಉಳಿದವಳು ಒಬ್ಬಳೇ. ಟಿಕೀಟೂ ಇಲ್ಲದೆ ಕುರ್ಚಿಯೂ ಇಲ್ಲದೆ, ತನ್ನ ಹಣೆಬರಹವನ್ನು ಬೈದುಕೊಂಡು ಊರಿಗೆ ಹೋದವಳು.

ಜಹಾಂಗೀರ ಎದ್ದು ಸಣ್ಣ ಚೂರಿ, ಮಡಿಕೆ ತೀಡುವ ಎಲುಬಿನ ಪಟ್ಟಿ, ಬ್ರಷ್ಷು ಚೀಲಕ್ಕೆ ಹಾಕಿದ.

"ಎತ್ತ ಹೊಂಟ್ರಿ?"

"ಖಾನಾಪುರಕ್ಕ. ಒಬ್ರರ ಕಣ್ಣಾರೆ ನೋಡಬೇಕು, ಫಕ್ರೂ. ಒಬ್ರು ನೋಡಿದ್ರ ಸಾಕು."

ಫಕ್ರುನ್ನಿಸಾ ಬೈಯಲಿಲ್ಲ. ನೀರಿನ ಬಾಟಲಿ ತುಂಬಿ ಚೀಲದಲ್ಲಿಟ್ಟಳು.

ಬಸ್ಸಿಗೆ ಆ ದಿನವೇ ಕೆಡುಕು ಬರಬೇಕೇ? ಪೀರನವಾಡಿ, ಮಚ್ಛೆ ದಾಟಿ ದೇಸೂರಿನ ಹತ್ತಿರ ಗಾಲಿ ಪಂಕ್ಚರಾಗಿ ಒಂದು ತಾಸು ನಿಂತಿತು. ಖಾನಾಪುರದಲ್ಲಿ ಇಳಿದಾಗ ಆರು ಹೊಡೆದಿತ್ತು. ಪಂಡಿತರು ಹಾಡತೊಡಗಿ ಒಂದು ತಾಸಾಗಿರಬೇಕು. ಚಹಾದಂಗಡಿಯವನನ್ನು ಕೇಳಿದರೆ ಅವನು ಮರಾಠಿಯಲ್ಲಿ, "ಅಂಗಣವಾಡೀಚ್ಯಾ ಬಾಯಿ? ನದೀಕಡಚ್ಯಾ ಗಲ್ಲೀತ," ಎಂದು ನದಿ ಕಡೆಯ ಓಣಿಯತ್ತ ಕೈ ತೋರಿಸಿದ.

ಹಂಚಿನ ಮನೆ. ಜಗುಲಿಯ ಮೇಲೆ ಒಬ್ಬಾತ ಕೂತಿದ್ದ. ಇಸ್ತ್ರಿ ಹೊಡೆದ ಬಿಳಿ ಅಂಗಿ, ತಲೆಯ ಮೇಲೆ ಟೊಪ್ಪಿಗೆ, ಕಾಲಲ್ಲಿ ಪಾಲಿಶ್ ಮಾಡಿದ ಚಪ್ಪಲಿ. ಹಂಚಿನ ಕಾರ್ಖಾನೆಯಲ್ಲಿ ಮೈತುಂಬ ಕೆಮ್ಮಣ್ಣು ಮಾಡಿಕೊಂಡು ದುಡಿಯುವ ಬಾಳಪ್ಪ, ಗಂಗಾದೇವಿಯ ಗಂಡ, ತಯಾರಾದವನು ಬಟ್ಟೆ ಬದಲಿಸಿರಲಿಲ್ಲ. ಅವನನ್ನು ನೋಡಿದ್ದೇ ಜಹಾಂಗೀರ ಅಂಗಳದ ಅಂಚಿನಲ್ಲೇ ನಿಂತ.

"ಅಯ್ಯ, ಬೈಂಡರ ಚಾಚಾ! ಇಷ್ಟ ದೂರ ಯಾಕ ಬಂದ್ರಿ?" ಗಂಗಾದೇವಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಅಕ್ಕಾ, ಆ ಪುಸ್ತಕ ತರ್ರಿ."

ಅವಳು ತಂದಳು. ಜಹಾಂಗೀರ ಅದನ್ನು ಮುಟ್ಟಲಿಲ್ಲ. "ಹಿಂದಿನ ರಟ್ಟು ತಗೀರಿ. ಹೆಬ್ಬೆಟ್ಟಿಲೆ ಮೆಲ್ಲಕ ಸವರ್ರಿ. ಇನ್ನೂ ಕೆಳಗ. ಹಾಂ, ಅಲ್ಲೇ."

ಗಂಗಾದೇವಿಯ ಬೆರಳು ನಿಂತಿತು. "ಏನೋ ಐತಿ. ಅಂಚು ಹತ್ತಿದಂಗ ಆತು."

ಆಗ ಪುಸ್ತಕ ತೆಗೆದುಕೊಂಡು ಅವನು ಚೂರಿಯ ತುದಿಯಿಂದ ಅಸ್ತರದ ಒಂದು ಬದಿ ಬಿಡಿಸಿದ. ಎರಡು ಟಿಕೀಟು ಹೊರಬಂದವು. ಒಂದು ಮಡಿಕೆಯಿಲ್ಲ, ಒಂದು ಕಲೆಯಿಲ್ಲ.

"ಶಿವನ! ಮಧ್ಯಾಹ್ನ ನಿಮ್ಮ ಅಂಗಡ್ಯಾಗ ನನ್ನ ಕೈ ಇಲ್ಲೇ ಇತ್ತಲ್ರಿ!"

"ಇತ್ರಿ ಅಕ್ಕಾ. ನೋಡಿದೆ. ನೋಡಿನೂ ಸುಮ್ಮ ಕುಂತೆ."

ಬಾಳಪ್ಪ ಜಗುಲಿಯಿಂದ ಎದ್ದು ಬಂದು ಟಿಕೀಟುಗಳನ್ನು ಕೈಗೆ ತೆಗೆದುಕೊಂಡ. ಬೆಳಕಿಗೆ ಹಿಡಿದು ನಿಧಾನ ಓದಿದ. "ಮುಂದಿನ ಸಾಲು. ಎಂಟು, ಒಂಬತ್ತು." ಆಮೇಲೆ ತಲೆ ಎತ್ತಿದ. "ಗೊತ್ತಿದ್ದೂ ಯಾಕ ಹೇಳ್ಲಿಲ್ರಿ?"

"ಹೇಳಂಗಿಲ್ಲಂತ ಮಾತು ಕೊಟ್ಟಿದ್ದೆರಿ. ಅದೂ ಆಟದಾಗ ಬರತೈತಿ ಅಂತ ತಿಳಿದಿದ್ದೆ. ನಂದ ತಪ್ಪ ಐತಿ." ಜಹಾಂಗೀರ ಚೂರಿ ಚೀಲಕ್ಕೆ ಹಾಕಿದ. "ಊರಾಗ ನನ್ನ ಕಳ್ಳ ಅಂದಾರ. ನಾ ತಗೊಂಡಿಲ್ಲ ಅನ್ನೂದನ್ನ ನೀವಿಬ್ರು ನೋಡಿದ್ರಲ್ಲ? ಅಷ್ಟ ಸಾಕ್ರಿ ನನಗ." ಅರವತ್ತು ದಾಟಿದ ಗಂಡಸು, ಅಪರಿಚಿತರ ಅಂಗಳದಲ್ಲಿ ನಿಂತು, ತೋಳಿನಿಂದ ಕಣ್ಣೊರೆಸಿಕೊಂಡ.

"ನೀವು ತಗೊಂಡೀರಂತ ನನ್ನ ಮನಸಿಗೆ ಬರಲೇ ಇಲ್ರಿ," ಎಂದಳು ಗಂಗಾದೇವಿ.

ಬಾಳಪ್ಪ ತನ್ನ ಇಸ್ತ್ರಿ ತೋಳನ್ನೊಮ್ಮೆ ನೋಡಿಕೊಂಡ, ಟಿಕೀಟುಗಳನ್ನೊಮ್ಮೆ ನೋಡಿದ. ಕಡೆಗೆ ಅವನೇ, "ಭಾರಿ ಹುಚ್ಚ ಮನಶಾ ಅದೀರಿ ಬಿಡ್ರಿ ನೀವು," ಎಂದು ಟಿಕೀಟುಗಳನ್ನು ಮುಂದೆ ಚಾಚಿದ. "ಇವನ್ನ ಎಲ್ಲಿದ್ದವೋ ಅಲ್ಲೇ ಇಟ್ಟು ಹಚ್ಚಿಬಿಡ್ರಿ."

"ಇನ್ನೇನು ಉಪೇಗ್ರಿ? ಹಾಡಿಕಿ ಮುಗಿಯಾಕ ಬಂತು," ಎಂದ ಜಹಾಂಗೀರ.

"ಇರ್ಲಿ. ನಮ್ಮ ಮನ್ಯಾಗ ಇರ್ಲಿ. ಯಾವಾಗರ ಕೈಯಾಡಿಸಿ ನೋಡ್ತೀನಿ."

ಗಂಗಾದೇವಿ ಒಲೆ ಹಚ್ಚಿ ಅಂಟಿಗೆಂದು ಒಂದು ಹಿಡಿ ಮೈದಾ ಕುದಿಸಿದಳು. ಜಹಾಂಗೀರ ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಟಿಕೀಟುಗಳನ್ನು ಜೋಡಿಸಿಟ್ಟು, ಅಂಚಿಗೆ ಅಂಟು ಬಳಿದು, ಅಸ್ತರ ಎಳೆದು ಎಲುಬಿನ ಪಟ್ಟಿಯಿಂದ ತೀಡಿದ. ಪುಸ್ತಕ ಮುಚ್ಚಿ ಎರಡೂ ಅಂಗೈ ಊರಿ ಒತ್ತಿ ಹಿಡಿದ. "ತೂಕದ್ದು ಏನರ ಐತೇನ್ರಿ ಮ್ಯಾಲ ಇಡಾಕ?" ಎಂದು ಕೇಳಿದ. ಬಾಳಪ್ಪ ರುಬ್ಬುವ ಗುಂಡು ತರಲು ಒಳಗೆ ಹೋದ.

ಚೀಲದಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಗಂಗಾದೇವಿ ತೆಗೆದು ನೋಡಿದಳು. "ಓಂಕಾರ ಸರ್ ಅಂತ ಬರಾಕತ್ತೈತಿ. ಕಿವಿಗೆ ಹಿಡೀಲೇನ್ರಿ ಚಾಚಾ?"

"ಬ್ಯಾಡ್ರಿ ಅಕ್ಕಾ. ಅಂಟು ಹಸಿ ಐತಿ. ಈಗ ಹಂದಾಡಿದ್ರ ಹಾಳಿ ಉಬ್ಬತೈತಿ."

ಫೋನು ನಿಂತಿತು. ಮತ್ತೆ ಬಡಿದುಕೊಂಡಿತು. ಬಾಳಪ್ಪ ಇಸ್ತ್ರಿ ಅಂಗಿಯ ಎದೆಗೆ ಗುಂಡುಕಲ್ಲು ಅವಚಿಕೊಂಡು ಹೊಸ್ತಿಲು ದಾಟಿ ಬಂದ. ಜಹಾಂಗೀರ ಕೈ ತೆಗೆಯದೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದ.