ಯಾವ ನಲವತ್ತೊಂದು?

ಹೆಸರಿಡೋದೂ ಒಂದು ಕೆಲಸವಾ ಅಂತ ನೀವು ಮೂಗು ಮುರೀಬಹುದು. ಆ ಕೆಲಸಕ್ಕೆ ಸೇರಿದವಳ ಅಕ್ಕನೂ ಮುರಿದಿದ್ದಳು. "ಅದಕ್ಕೂ ಸಂಬಳ ಕೊಡ್ತಾರೇನೇ? ನಮ್ಮತ್ತೆ ಬಿಟ್ಟಿಯಾಗೇ ಊರಿಗೆಲ್ಲಾ ಹೆಸರಿಡ್ತಾರೆ!"

ಔಷಧಿ ಸಾಗಿಸೋ ತಂಪು ಲಾರಿಗಳ ಕಂಪನಿ ಅದು. ಲಾರಿ ಹೊರಡಲಿ, ನಿಲ್ಲಲಿ, ಕಂಪ್ಯೂಟರಿನ ಲಾಗ್ ಅನ್ನೋ ದಿನಚರಿಯಲ್ಲಿ ಒಂದು ಸಾಲು ಬೀಳುತ್ತೆ. ಸಾಲಿನ ಪ್ರತಿ ಅಂಕಿಗೂ ಒಂದು ಹೆಸರು. ಆದರೆ ಔಷಧಿ ಪೆಟ್ಟಿಗೆಯ ಶಾಖಕ್ಕೆ ಒಂದು ತಂಡ "ಟೆಂಪ್" ಅಂದರೆ, ಇನ್ನೊಂದು "ತಾಪ", ಮತ್ತೊಂದು ಬರೀ "ಟಿ". ಎರಡು ತಿಂಗಳು ತಲೆ ಕೆಡಿಸಿಕೊಂಡು ಅವಳು ಒಂದು ಕ್ರಮ ಮಾಡಿದ್ದಳು: ಮೊದಲು ಯಾವ ವಸ್ತು, ಆಮೇಲೆ ಅಳೆದದ್ದೇನು, ಕೊನೆಗೆ ಯಾವ ಅಳತೆಮಾನದಲ್ಲಿ. ಇವತ್ತಿನ ಮೀಟಿಂಗಿನಲ್ಲಿ ಮೀಸೆ ಸರ್ ಒಪ್ಪದಿದ್ದರೆ ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೀಸೆ ಸರ್ ಅಲ್ಲಿನ ಮೊದಲ ಎಂಜಿನಿಯರ್. ಒಳ್ಳೆಯವರೇ, ಹಟ ಮಾತ್ರ ಜಾಸ್ತಿ.

"ಹನ್ನೆರಡು ವರ್ಷದಿಂದ ನಡೀತಿದೆಯಲ್ಲಮ್ಮಾ. ಇರಲಾರದೆ ಯಾಕೆ ಇರುವೆ ಬಿಟ್ಕೊಳ್ತೀಯಾ?"

ಅವಳು ಬಾಯಿ ತೆರೆಯೋದರೊಳಗೆ ಲಾರಿಗಳ ಮೇಲೆ ಕಣ್ಣಿಡೋ ಹುಡುಗಿ ಫೋನ್ ಹಿಡಿದು ಓಡಿಬಂದಳು. "ಸರ್, ಏಳನೇ ಲಾರಿ! ಮಕ್ಕಳ ಲಸಿಕೆ! ಪೆಟ್ಟಿಗೆ ನಲವತ್ತೊಂದು ಡಿಗ್ರಿ ತೋರಿಸ್ತಿದೆ. ಎಂಟು ದಾಟಿದ್ರೆ ಎಲ್ಲಾ ಎಸೀಬೇಕಲ್ವಾ?"

ಫೋನಿನಿಂದ ಡ್ರೈವರ್ ದನಿ: "ಒಳಗೆ ಕೈ ಇಟ್ರೆ ತಣ್ಣಗೆ ಜುಮ್ ಅನ್ನುತ್ತೆ ಸ್ವಾಮೀ. ಎಸೀಲೋ ಬೇಡ್ವೋ?"

"ಅಯ್ಯೋ, ಮುಟ್ಟಬೇಡಪ್ಪಾ!" ಮೀಸೆ ಸರ್ ಎದ್ದೇ ನಿಂತರು. "ಹಳೇ ಲಾರಿ ಅದು, ಫ್ಯಾರನ್‌ಹೀಟಲ್ಲಿ ಬರೆಯುತ್ತೆ. ಸೆಲ್ಸಿಯಸ್ಸಲ್ಲಿ ಬರೀ ಐದು. ಬಾಗಿಲು ಹಾಕ್ಕೊಂಡು ಹೊರಡು."

ಎಲ್ಲರಿಗೂ ಹೋದ ಜೀವ ಬಂದಂತಾಯಿತು.

"ಇದು ನನಗೆ ಹೇಗೆ ಗೊತ್ತಾಗಬೇಕು ಸರ್?" ಹುಡುಗಿಗೆ ಅಳುವೇ ಬಂದಿತ್ತು.

"ನನ್ನ ಕೇಳ್ಬೇಕು."

"ನಾಳೆಯಿಂದ ನೀವು ರಜೆ ಅಲ್ವಾ? ಇದು ನಾಳೆ ಆಗಿದ್ರೆ?" ಹುಡುಗಿ ಬಿಡಲಿಲ್ಲ.

ಹೆಸರಿನ ಕ್ರಮ ಮಾಡಿದವಳಿಗೆ 'ನಾನು ಹೇಳಲಿಲ್ವಾ' ಅನ್ನೋ ಆಸೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಮೀಸೆ ಸರ್ ಮುಖ ಸಣ್ಣದಾಗಿತ್ತು. ಮೆಲ್ಲಗೆ ಬೋರ್ಡಿನ ಹತ್ತಿರ ಹೋಗಿ, ಅಲ್ಲಿದ್ದ ತಮ್ಮ ತಂಡದ "ಟಿ"ಯನ್ನು ಕೈಯಿಂದಲೇ ಒರೆಸಿ, "ಪೆಟ್ಟಿಗೆ_ತಾಪ_ಫ್ಯಾರನ್‌ಹೀಟ್" ಅಂತ ಬರೆದರು.

"ಹೀಗೇ ತಾನೇ ನಿನ್ನ ಕ್ರಮ?"

"ಹೀಗೇ ಸರ್." ಅವಳಿಗೆ ಕುಣಿಯೋಣ ಅನ್ನಿಸಿತು, ಪಾಪ ಅನ್ನಿಸಿತು, ಎರಡೂ ಒಟ್ಟಿಗೆ.

ಅವರು ಪೆನ್ನನ್ನು ಅವಳ ಕೈಗಿಟ್ಟು ಪಕ್ಕದ ಕುರ್ಚಿ ಎಳೆದುಕೊಂಡರು. "ಹಳೇ ಲಾರಿ ಇನ್ನೂ ಹದಿನಾರಿವೆ. ಯಾವುದು ಯಾವ ಅಳತೆಯಲ್ಲಿ ಬರೆಯುತ್ತೆ ಅನ್ನೋದು ನನ್ನ ತಲೇಲಿ ಬಿಟ್ರೆ ಇನ್ನೆಲ್ಲೂ ಇಲ್ಲ ಕಣಮ್ಮಾ. ಹೇಳ್ತೀನಿ, ಬರ್ಕೋ."